ಸಹಾಯ ಬೇಕು: ತಡವಾಗಿ ಬಂದ ಬಡ್ತಿಗೆ ಹಿಂಬಾಕಿ ಕೇಳಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆ ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿದ್ದರು. ಜ್ಯೇಷ್ಠತಾ ಪಟ್ಟಿಯಲ್ಲಿ ಅವರಿಗಿಂತ ಕೆಳಗಿದ್ದವರಿಗೆ 2021ರಲ್ಲೇ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಬಡ್ತಿ ಸಿಕ್ಕಿತು. ಇವರಿಗೆ ಸಿಕ್ಕಿದ್ದು 2024ರಲ್ಲಿ. ಕಾರಣ ಕೇಳಿದರೆ, ಇಲಾಖಾ ಪರೀಕ್ಷೆ ಪಾಸಾದದ್ದು ಎಸ್‌ಆರ್‌ನಲ್ಲಿ (ಸೇವಾ ಪುಸ್ತಕದಲ್ಲಿ) ನಮೂದಾಗಿಲ್ಲವಂತೆ! ಪುಸ್ತಕ ತೆಗೆಸಿ ನೋಡಿದರೆ ನಮೂದು ಇದೆ, ಸಹಿ ಸೀಲೂ ಇದೆ. ಮಳೆಗಾಲದ ತೇವಕ್ಕೆ ಹಾಳೆಗಳು ಅಂಟಿಕೊಂಡಿದ್ದವು, ಬಿಡಿಸಿ ನೋಡುವವರು ಇರಲಿಲ್ಲ ಅಷ್ಟೇ. ನಮ್ಮ ಕರಾವಳಿಯಲ್ಲಿ ಇದೇನು ಹೊಸದಲ್ಲ ಅಲ್ವಾ.

ಜೂನಿಯರ್‌ಗೆ ಸಿಕ್ಕ ದಿನಾಂಕದಿಂದಲೇ ಬಡ್ತಿ ಕೊಡಿ ಎಂದು ಮನವಿ ಕೊಟ್ಟಾಗಿದೆ. ಉತ್ತರ ಇಲ್ಲ. ಮನವಿ ಕೊಟ್ಟು ಆರು ತಿಂಗಳು ಕಳೆದ ಮೇಲೆ ಒಂದು ವರ್ಷದೊಳಗೆ ಕೆಎಟಿಗೆ (ಸರ್ಕಾರಿ ನೌಕರರ ಸೇವಾ ವ್ಯಾಜ್ಯ ನೋಡುವ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ) ಹೋಗಬೇಕು, ಸುಮ್ನೆ ಮನವಿ ಮೇಲೆ ಮನವಿ ಕೊಡ್ತಾ ಕೂತರೆ ಗಡುವು ಮುಂದೆ ಹೋಗಲ್ಲ ಎಂದು ವಕೀಲರೊಬ್ಬರು ಹೇಳಿದರು. ನಮಗೆ ಬೆಳಗಾವಿ ಪೀಠ.

ಹಿಂದಿನ ದಿನಾಂಕದಿಂದ ಬಡ್ತಿ ಪಡೆದವರು ಇಲ್ಲಿ ಯಾರಾದರೂ ಇದ್ದೀರಾ? ಕಾಲ್ಪನಿಕ ಬಡ್ತಿ ಅಂತ ಕೊಟ್ಟರೆ ವೇತನ ನಿಗದಿ ಮಾತ್ರ ಸರಿಹೋಗುತ್ತದೆ, ಹಿಂಬಾಕಿ ಕೈಗೆ ಬರೋದಿಲ್ಲ ಅಂತಾರೆ. ತಪ್ಪು ಕಚೇರಿಯದ್ದೇ ಆದಾಗಲೂ ಹಾಗೇನಾ? ಅಂಥ ಆದೇಶದ ಪ್ರತಿ ಇದ್ದರೆ ಹೆಸರು ಅಳಿಸಿ ಹಾಕಿ. ಶಿರಸಿ, ಕುಮಟಾ ಕಡೆ ಸೇವಾ ವಿಷಯ ನೋಡುವ ವಕೀಲರು ಗೊತ್ತಿದ್ದರೂ ತಿಳಿಸಿ.