ಬಿಎಸ್ಸಿ ಆದ್ಮೇಲೆ ಇವೊ-ಡೆವೊ ಕಡೆ ಹೋಗಬೇಕು, ಕಲಬುರಗಿಯಿಂದ ದಾರಿ ಹೇಗೆ?

ಸೇಡಂ ಹುಡುಗಿ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ, ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. ಹೋದ ವರ್ಷ ನಮ್ಮ ಹೊಲದ ತೊಗರಿಗೆ ಕಾಯಿಕೊರಕ ಬಿದ್ದಿತ್ತು. ಎರಡು ಹುಳು ತಂದು ಡಬ್ಬಿಯಲ್ಲಿ ಮಣ್ಣು ಹಾಕಿ ಇಟ್ಟೆ. ಮಣ್ಣೊಳಗೆ ಇಳಿದು ಕಂದು ಬಣ್ಣದ ಕೋಶ ಆದವು. ಒಂದು ಸತ್ತುಹೋಯಿತು, ಇನ್ನೊಂದು ಪತಂಗವಾಗಿ ಹೊರಗೆ ಬಂತು. ಹುಳುವಿಗೂ ಪತಂಗಕ್ಕೂ ಜೀನ್ ಅವೇ ಅಲ್ವಾ? ಮತ್ತೆ ದೇಹ ಇಷ್ಟು ಬೇರೆ ಹೇಗೆ? ನಮ್ಮ ಸರ್‌ನ ಕೇಳಿದರೆ, ಇದನ್ನೆಲ್ಲ ಇವೊ-ಡೆವೊದಲ್ಲಿ, ಅಂದರೆ ಜೀವವಿಕಾಸ ಮತ್ತು ದೇಹದ ಬೆಳವಣಿಗೆ ಎರಡನ್ನೂ ಸೇರಿಸಿ ನೋಡುವ ವಿಜ್ಞಾನದಲ್ಲಿ ಓದುತ್ತಾರೆ ಅಂದರು. ನನಗೆ ಅದೇ ಓದಬೇಕು. ಅಪ್ಪ ಬಿ.ಎಡ್ ಮಾಡು ಅಂತಾರೆ. ಅವ್ವ ಬೇಡ ಅನ್ನಲ್ಲ, ಆದರೆ ಸಂಬಳ ಯಾವಾಗ ಅಂತ ಕೇಳುತ್ತಾಳೆ. ಯಾವ ಪರೀಕ್ಷೆ ಬರೆಯಬೇಕು, ಸುದ್ದಿ ಎಲ್ಲಿ ಸಿಗುತ್ತೆ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ.

ಬೀದರ್ ಮಾಸ್ತರ್:
ತಂಗಿ, ಎಂಎಸ್ಸಿಗೆ ಐಐಟಿ ಜ್ಯಾಮ್ ಪ್ರವೇಶ ಪರೀಕ್ಷೆ ಬರಿ. ಬಯೋಟೆಕ್ನಾಲಜಿ ಪೇಪರ್ ತಗೋ. ಅದರಲ್ಲಿ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರವೂ ಬರುತ್ತೆ, ನಮ್ಮ ಕಡೆ ಮಕ್ಕಳು ಅಲ್ಲೇ ಬೀಳುತ್ತಾರೆ. ಹಳೇ ಪಿಯುಸಿ ಪುಸ್ತಕ ರದ್ದಿಗೆ ಹಾಕಬೇಡ. ಇನ್ನೊಂದು ಮಾತು, ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿ ಇಂಥ ಪರೀಕ್ಷೆಗಳಿಗೆ ಇಲ್ಲ.

ಯಾದಗಿರಿ ಅಕ್ಕ:
ನಾನು ಯಾದಗಿರಿಯವಳು. ಈಗ ಹೈದರಾಬಾದಿನಲ್ಲಿ ನೊಣಗಳ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ. ನಿನ್ನ ಡಬ್ಬಿಯ ವಿಷಯ ಓದಿ ತುಂಬಾ ಖುಷಿಯಾಯಿತು. ಪರೀಕ್ಷೆ ಆಮೇಲೆ, ಮೊದಲು ಅದನ್ನೇ ಮಾತಾಡೋಣ.

ಒಂದು ಮನೆ ನೊಣ ಹಿಡಿದು ಭೂತಗನ್ನಡಿಯಲ್ಲಿ ನೋಡು. ರೆಕ್ಕೆ ಎರಡೇ. ಅದರ ಹಿಂದೆ ಗುಂಡುಸೂಜಿಯಂಥ ಎರಡು ಚಿಕ್ಕ ಕಡ್ಡಿ, ತುದಿಗೆ ಗುಂಡು. ಅದಕ್ಕೆ ಹಾಲ್ಟಿಯರ್ ಅಂತಾರೆ. ಹಾರುವಾಗ ಆಯ ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ. ನಿನ್ನ ಪತಂಗಕ್ಕೆ ಹಿಂದಿನ ಜೋಡಿ ರೆಕ್ಕೆ ಇರುವ ಜಾಗದಲ್ಲೇ ನೊಣಕ್ಕೆ ಇದಿದೆ. ಉಬ್ಕ್ಸ್ ಅನ್ನುವ ಜೀನ್ ಅಲ್ಲಿ ಕೆಲಸ ನಿಲ್ಲಿಸಿದರೆ ಹಾಲ್ಟಿಯರ್ ಬದಲು ರೆಕ್ಕೆ ಬೆಳೆಯುತ್ತೆ. ಎಡ್ವರ್ಡ್ ಲೂಯಿಸ್ ನಾಲ್ಕು ರೆಕ್ಕೆಯ ನೊಣವನ್ನೇ ಬೆಳೆಸಿ ತೋರಿಸಿದರು. 1995ರ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಆದರೆ ಜೇನಿಗೂ ರೇಷ್ಮೆ ಹುಳುವಿಗೂ ಉಬ್ಕ್ಸ್ ಇದೆ, ಅವುಗಳ ಹಿಂದಿನ ರೆಕ್ಕೆ ಮಾತ್ರ ರೆಕ್ಕೆಯಾಗಿಯೇ ಉಳಿದಿದೆ! ಜೀನ್ ಇದ್ದ ಮಾತ್ರಕ್ಕೆ ಆಗಲ್ಲ, ಅದು ಯಾವ ಯಾವ ಜೀನನ್ನು ಕೆಲಸಕ್ಕೆ ಹಚ್ಚುತ್ತೆ, ಯಾವುದನ್ನು ಸುಮ್ನೆ ಕೂರಿಸುತ್ತೆ ಅನ್ನೋದು ಮುಖ್ಯ. ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿದ್ದಾಗ ವಿಜ್ಞಾನಿ ಎಲ್.ಎಸ್. ಶಶಿಧರ ಅವರ ಗುಂಪು ಇದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿತು. ಅದು ನಮ್ಮೂರಿಂದ ಒಂದು ರೈಲಿನ ದೂರ.

ಅದಕ್ಕೇ ಹೇಳೋದು, ಯಾವುದಾದರೂ ಒಂದು ಜೀವಿಯನ್ನು ಸಾಕಿ ನೋಡು. ನಾನು ಬಿಎಸ್ಸಿಯಲ್ಲಿ ಉಪ್ಪಿನಕಾಯಿ ಬಾಟ್ಲಿಯಲ್ಲಿ ಕಳಿತ ಬಾಳೆಹಣ್ಣು ಹಾಕಿ ಹಣ್ಣಿನ ನೊಣ ಸಾಕಿದ್ದೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು 10 ದಿನ ಸಾಕು. ಏಪ್ರಿಲ್ ಬಂತು, ಹೊರಗೆ 40 ದಾಟಿತು, ಬಾಟ್ಲಿಯಲ್ಲಿ ಮರಿಹುಳುವೇ ಇಲ್ಲ. 30 ಡಿಗ್ರಿ ದಾಟಿದರೆ ಗಂಡು ನೊಣ ಬರಡಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಬಾಟ್ಲಿಗಳನ್ನು ನೀರಿನ ಕೊಡದ ಪಕ್ಕ ಇಟ್ಟು ಒದ್ದೆ ಗೋಣಿಚೀಲ ಸುತ್ತಿದೆ. ದಿನಾ ಮೂರು ಹೊತ್ತು ಚೀಲ ಒದ್ದೆ ಮಾಡಿದವಳು ನಮ್ಮಜ್ಜಿ. ಎರಡನೇ ವಾರ ಗಾಜಿನ ಮೇಲೆ ಬಿಳಿ ಹುಳುಗಳು ಹತ್ತುತ್ತಿದ್ದವು. ಅದನ್ನೆಲ್ಲ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ.

ಆ ನೋಟ್‌ಬುಕ್ ನೋಡಿಯೇ ನಮ್ಮ ಮೇಡಂ ನನಗೆ ಶಿಫಾರಸು ಪತ್ರ ಬರೆದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ಒಂದು ಲ್ಯಾಬಿನಲ್ಲಿ ಕೆಲಸ, ಭತ್ಯೆ ಅವರೇ ಕೊಡುತ್ತಾರೆ. ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ. ಎರಡನೇ ವರ್ಷದಲ್ಲೇ ಹಾಕು, ಮುಂದೂಡಬೇಡ.

ಪರೀಕ್ಷೆ ಬಗ್ಗೆ ಮಾಸ್ತರ್ ಹೇಳಿದ್ದು ಸರಿ. ಜೊತೆಗೆ ಜೆಜಿಇಇಬಿಐಎಲ್‌ಎಸ್ ಅನ್ನುವ ಜೀವವಿಜ್ಞಾನದ ಪ್ರವೇಶ ಪರೀಕ್ಷೆ ಬರಿ, ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ಗೆ ಅದರ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಬಿಎಸ್ಸಿ ಮುಗಿದ ಮೇಲೆ ನೇರವಾಗಿ ಇಂಟಿಗ್ರೇಟೆಡ್ ಪಿಎಚ್‌ಡಿಗೂ (ಎಂಎಸ್ಸಿ, ಪಿಎಚ್‌ಡಿ ಒಟ್ಟಿಗೆ) ಹೋಗಬಹುದು. ಎಂಎಸ್ಸಿ ಆದ್ಮೇಲೆ ಸಿಎಸ್‌ಐಆರ್ ನೆಟ್ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಯ ಫೆಲೋಶಿಪ್ ಬಂದರೆ ತಿಂಗಳಿಗೆ 37,000 ರೂಪಾಯಿ, 2023ರಿಂದ ಇಷ್ಟು. ಅವ್ವನಿಗೆ ಇದನ್ನು ಹೇಳು. ಪಿಎಚ್‌ಡಿ ಮುಗಿದ ಮೇಲೆ ಕೆಲಸ ಕಡಿಮೆ, ಕಾಯಬೇಕಾಗುತ್ತೆ. ಅದನ್ನೂ ಅವ್ವನಿಂದ ಮುಚ್ಚಿಡಬೇಡ.

ಒಬಿಸಿ ಆಗಿದ್ದರೆ ಕೇಂದ್ರದ ನಮೂನೆಯ ಸರ್ಟಿಫಿಕೇಟ್ ಈಗಲೇ ಮಾಡಿಸು. ರಾಜ್ಯದ್ದು ನಡೆಯಲ್ಲ. ನಾನು ಒಂದು ಕಚೇರಿಗೆ ಆರು ಸಲ ಅಲೆದೆ, ಅದು ಕೈಗೆ ಬರುವಷ್ಟರಲ್ಲಿ ಅರ್ಜಿ ಮುಗಿದಿತ್ತು. ಒಂದು ವರ್ಷ ಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಸುದ್ದಿ, ಕೆಲಸದ ಪ್ರಕಟಣೆಗೆ ಇಂಡಿಯಾ ಬಯೋಸೈನ್ಸ್ ವೆಬ್‌ಸೈಟ್ ನೋಡು. ಹೊರದೇಶದ್ದಕ್ಕೆ ದಿ ನೋಡ್ ಅನ್ನುವ ವೆಬ್‌ಸೈಟ್. ಇಂಗ್ಲಿಷ್‌ಗೆ ಹೆದರಬೇಡ. ನಾನು ಸಂಶೋಧನಾ ಪೇಪರ್ ಓದುವಾಗ ಮೊದಲು ಚಿತ್ರ, ಆಮೇಲೆ ಚಿತ್ರದ ಕೆಳಗಿನ ಸಾಲು, ಕೊನೆಗೆ ಉಳಿದದ್ದು. ಮೊದಲನೇ ಪೇಪರಿಗೆ ನನಗೆ ಹನ್ನೊಂದು ದಿನ ಹಿಡಿಯಿತು.

ಸೇಡಂ ಹುಡುಗಿ:
ಅಕ್ಕಾ, ತುಂಬಾ ಥ್ಯಾಂಕ್ಸ್. ಈಗಷ್ಟೇ ನೊಣ ಹಿಡಿದು ನೋಡಿದೆ, ಆ ಗುಂಡು ಕಂಡಿತು! ತಿಳಿ ಹಳದಿ ಬಣ್ಣ. ಅವ್ವನಿಗೂ ತೋರಿಸಿದೆ. ನಾನು ನೋಟ್‌ಬುಕ್ ಏನೂ ಇಟ್ಟಿಲ್ಲ. ಹುಳು ಮಣ್ಣಿಗೆ ಇಳಿದ ದಿನ, ಪತಂಗ ಬಂದ ದಿನ ಮಾತ್ರ ಕ್ಯಾಲೆಂಡರಿನ ಮೇಲೆ ಬರೆದಿದ್ದೇನೆ. ಅಷ್ಟು ಸಾಕಾ?

ಯಾದಗಿರಿ ಅಕ್ಕ:
ಶುರುವಿಗೆ ಸಾಕು. ಆ ಎರಡು ಹಾಳೆ ಹರಿಯಬೇಡ. ಈ ಸಲ ಎರಡಲ್ಲ, ಇಪ್ಪತ್ತು ಹುಳು ತಾ. ಒಂದೊಂದಕ್ಕೂ ಬೇರೆ ಡಬ್ಬಿ, ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿನ್ನುತ್ತವೆ. ಅರ್ಜಿಯ ಬರಹ ದಸರಾ ರಜೆಯೊಳಗೆ ಕನ್ನಡದಲ್ಲೇ ಬರೆದು ಇಲ್ಲಿ ಹಾಕು, ಇಂಗ್ಲಿಷ್‌ಗೆ ಇಬ್ಬರೂ ಸೇರಿ ಮಾಡೋಣ.