ವಿಚರ್ 4: ಸಿರಿ ಕಣ್ಣು ಬದಲಾಯಿಸಲು ಇವರು ಯಾರು?

ಹಾಸನ_ಗೇಮರ್: 2024ರ ಡಿಸೆಂಬರ್‌ನಲ್ಲಿ ವಿಚರ್ 4 ವಿಡಿಯೋ ಗೇಮ್‌ನ ಟ್ರೇಲರ್ ಬಂದಾಗಿಂದ ತಲೆ ಕೆಟ್ಟಿದೆ. ಗೇಮ್‌ಗೆ ಮೂಲವಾದ ಪುಸ್ತಕದಲ್ಲಿ ಸಿರಿ ಅನ್ನೋ ಹುಡುಗಿ ವಿಚರ್‌ಗಳ (ರಾಕ್ಷಸರನ್ನು ಬೇಟೆಯಾಡುವವರು) ಹತ್ತಿರ ಕತ್ತಿವರಸೆ ಕಲಿಯುತ್ತಾಳೆ ಅಷ್ಟೆ, ಮೈಯನ್ನೇ ಬದಲಾಯಿಸಿ ಬೆಕ್ಕಿನ ಕಣ್ಣು ಬರಿಸುವ ವಿಚರ್ ಪರೀಕ್ಷೆ ಅವಳಿಗೆ ಆಗಿಲ್ಲ. ಅಣಬೆ, ಸೊಪ್ಪು ತಿನ್ನಿಸಿದ್ದಕ್ಕೇ ಮಾಟಗಾತಿ ಟ್ರಿಸ್ ಬಂದು ವಿಚರ್‌ಗಳಿಗೆ ಬೈಯುತ್ತಾಳೆ. ಈಗ ಗೇಮ್ ಮಾಡುವ ಸಿಡಿ ಪ್ರಾಜೆಕ್ಟ್ ಕಂಪನಿಯವರು ಸುಮ್ನೆ ಅವಳಿಗೆ ಬೆಕ್ಕಿನ ಕಣ್ಣು ಇಟ್ಟುಬಿಟ್ಟಿದ್ದಾರೆ. ಈ ಹಕ್ಕು ಇವರಿಗೆ ಯಾರು ಕೊಟ್ಟರು?

ಮೂಡಿಗೆರೆ_ಮಳೆ: 'ಹಕ್ಕು ಯಾರು ಕೊಟ್ಟರು' ಅಂದ್ರೆ? ಪುಸ್ತಕ ಬರೆದ ಸಪ್ಕೋವ್‌ಸ್ಕಿಯವರೇ ಮಾರಾಯ್ರೇ. ಲಾಭದಲ್ಲಿ ಪಾಲು ಬೇಡ ಅಂತ ಒಂದೇ ಸಲ ದುಡ್ಡು ಎಣಿಸಿಕೊಂಡರು. ಗೇಮ್ ಗೆದ್ದ ಮೇಲೆ 2018ರಲ್ಲಿ ವಕೀಲರ ಕೈಲಿ ಪತ್ರ ಬರೆಸಿ 6 ಕೋಟಿ ಝ್ಲೋಟಿ (ಪೋಲೆಂಡ್ ದುಡ್ಡು) ಕೇಳಿದರು. ಮೆಣಸನ್ನು ಬಳ್ಳಿ ಮೇಲೇ ವ್ಯಾಪಾರ ಮಾಡಿ, ರೇಟ್ ಏರಿದ ಮೇಲೆ ವ್ಯಾಪಾರಿ ಮನೆ ಬಾಗಿಲಲ್ಲಿ ಕೂತ ಹಾಗೆ.

ಬೇಲೂರು_ಓದುಗ: ಬಳ್ಳಿ ಮೇಲೆ ವ್ಯಾಪಾರ ಅಂದರೆ ಒಂದು ವರ್ಷದ ಫಸಲು. ತೋಟ ಬರೆದುಕೊಟ್ಟ ಹಾಗಲ್ಲ. ಇವರು 2007, 2011, 2015 ಅಂತ ಒಂದೊಂದು ಗೇಮ್ ಬಿಟ್ಟು ಮೂರು ಸಲ ಕೊಯ್ದಿದ್ದಾರೆ. ಕೊಟ್ಟ ದುಡ್ಡಿಗೂ ಬಂದ ಲಾಭಕ್ಕೂ ತೀರಾ ಅಜಗಜಾಂತರ ಇದ್ದರೆ ಬರೆದವರು ಜಾಸ್ತಿ ಕೇಳಬಹುದು ಅಂತ ಪೋಲೆಂಡ್ ಕಾನೂನಿನಲ್ಲೇ ಇದೆ, ಕಾಪಿರೈಟ್ ಕಾಯ್ದೆಯ 44ನೇ ಕಲಂ. 2019ರ ಡಿಸೆಂಬರ್‌ನಲ್ಲಿ ಕಂಪನಿ ತೆಪ್ಪಗೆ ಹೊಸ ಒಪ್ಪಂದಕ್ಕೆ ಸಹಿ ಹಾಕಿತು.

ಸಕಲೇಶಪುರ_ಘಾಟ್: 'ಮೂರು ಸಲ ಕೊಯ್ದಿದ್ದಾರೆ'? ನಮ್ಮ ಮನೆಯವರು ಮೆಣಸು ಗುತ್ತಿಗೆ ಹಿಡಿದವರು. ಮಳೆ ಜಾಸ್ತಿಯಾಗಿ ಬಳ್ಳಿ ಕೊಳೆತರೆ ತೋಟದವರು ಮುಂಗಡ ವಾಪಸ್ ಕೊಡುತ್ತಾರಾ? 2007ರ ವಿಚರ್ ಆ ಕಂಪನಿ ಮಾಡಿದ ಮೊದಲ ಗೇಮ್. ಮುಳುಗಿದ್ದರೆ ಸಪ್ಕೋವ್‌ಸ್ಕಿ ಬಂದು ನಷ್ಟ ಹಂಚಿಕೊಳ್ಳುತ್ತಿದ್ದರಾ?

ಬೇಲೂರು_ಓದುಗ: ನಿಮ್ಮ ಮನೆಯವರ ನಷ್ಟಕ್ಕೂ ಪೋಲೆಂಡ್ ಕಾನೂನಿಗೂ ಏನು ಸಂಬಂಧ ಸ್ವಾಮಿ?

ಸಕಲೇಶಪುರ_ಘಾಟ್: ಮನೆಯವರ ವಿಷಯಕ್ಕೆ ಬರಬೇಡಿ.

ಬೇಲೂರು_ಓದುಗ: ತಂದವರು ನೀವೇ!

ಕಡೂರು_ಕನ್ಸೋಲ್: ಮೆಣಸು ಸಾಕು ಗುರು. ಮೊದಲ ಗೇಮ್ ನೋಡಿ. ಕಥಾನಾಯಕ ಗೆರಾಲ್ಟ್‌ಗೆ ನೆನಪು ಹೋಗಿದೆ ಅಂತ ಶುರು ಮಾಡಿದರು. ಅದರಿಂದ ಪುಸ್ತಕ ಓದದವನೂ ಆಡಬಹುದು, ಪುಸ್ತಕದ ಕಥೆಯೂ ಹಾಳಾಗುವುದಿಲ್ಲ, ಯಾಕಂದ್ರೆ ಗೇಮ್ ಕಥೆ ಪುಸ್ತಕಗಳು ಮುಗಿದ ಮೇಲಿನದ್ದು. ಆಡುವವನ ಕೈಗೆ ಆಯ್ಕೆ ಕೊಡಬೇಕು ಅಂದರೆ ಹೀಗೇ ಮಾಡಬೇಕು. ಬರೆದಿಟ್ಟ ಕಥೆಯನ್ನೇ ಒಪ್ಪಿಸಿದರೆ ಅಲ್ಲಿ ಆಯ್ಕೆ ಎಲ್ಲಿ ಬಂತು?

ಹಾಸನ_ಗೇಮರ್: 'ಹಾಳಾಗುವುದಿಲ್ಲ' ಅಂತೆ! ಗೆರಾಲ್ಟ್‌ನ ಪ್ರೇಯಸಿ ಯೆನ್ನೆಫರ್‌ನ ಮೊದಲ ಗೇಮ್‌ನಿಂದಲೇ ತೆಗೆದರು, ಅವಳ ಜಾಗದಲ್ಲಿ ಟ್ರಿಸ್‌ನ ಕೂರಿಸಿದರು. ಏಳೆಂಟು ಪುಸ್ತಕದ ಪ್ರೀತಿಯನ್ನು ನೆನಪು ಹೋಯ್ತು ಅಂತ ಒರೆಸಿ ಹಾಕಿದರು. ಮೆಟ್ರೋ: ಲಾಸ್ಟ್ ಲೈಟ್ ಅನ್ನೋ ಗೇಮ್ ನೋಡಿ, ಪುಸ್ತಕ ಬರೆದ ಗ್ಲುಖೋವ್‌ಸ್ಕಿಯೇ ಗೇಮ್ ಕಥೆಗೂ ಕೂತರು. ಇವರಿಗೆ ಬರೆದವರನ್ನು ಕೇಳೋಕೆ ಏನು ಕಷ್ಟ?

ಮೂಡಿಗೆರೆ_ಮಳೆ: ಬರೆದವರಿಗೆ ಗೇಮ್ ಅಂದರೇ ಆಗುವುದಿಲ್ಲ, ಕೇಳುವುದು ಯಾರನ್ನ? ಮತ್ತೆ ಅದು 'ಒರೆಸಿ ಹಾಕಿದ್ದು' ಅಲ್ಲ. ಮೂರನೇ ಗೇಮ್‌ನಲ್ಲಿ ಯೆನ್ನೆಫರ್ ವಾಪಸ್ ಬಂದಳು. ಯಾರು ಬೇಕೋ ಆರಿಸಿಕೊಳ್ಳಿ ಅಂತ ನಮಗೇ ಬಿಟ್ಟರು.

ಬೇಲೂರು_ಓದುಗ: 'ಆರಿಸಿಕೊಳ್ಳಿ'! ಅದೇ ತಪ್ಪು. ಪುಸ್ತಕ ಓದಿದವನಿಗೆ ಅಲ್ಲಿ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ನೀವು ಟ್ರಿಸ್ ಕಡೆ ಹೋದವರು ತಾನೇ?

ಮೂಡಿಗೆರೆ_ಮಳೆ: ಹೌದು, ಹೋದೆ. ಏನೀಗ?

ಹಾಸನ_ಗೇಮರ್: ಅಲ್ಲಿಗೆ ಗೊತ್ತಾಯ್ತು ಬಿಡಿ.

ಸಕಲೇಶಪುರ_ಘಾಟ್: ಬೇಲೂರು ಸಾರ್, ಆ 44ನೇ ಕಲಂ ಪೂರ್ತಿ ಹಾಕಿ ನೋಡೋಣ. ಅರ್ಧಂಬರ್ಧ ಬೇಡ.