ಓದು ಬರದ ಅಪ್ಪ-ಅಮ್ಮಂದಿರನ್ನು ಮಕ್ಕಳ ಕಲಿಕೆಗೆ ಸೇರಿಸಿಕೊಳ್ಳುವುದು ಹೇಗೆ?

ಹಾವೇರಿ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು. ಕೆಲಸ ಸಿಕ್ಕಿ ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿ ಶಾಲೆಗೆ ಬಂದು ಮೂರು ವರ್ಷ ಆಯ್ತು. ಒಂದರಿಂದ ಐದನೇ ತರಗತಿ, ಇಬ್ಬರೇ ಟೀಚರ್. 1, 2, 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ನಲಿ-ಕಲಿ ನನ್ನದು. ಒಟ್ಟು 19 ಮಕ್ಕಳು.

ಕ್ಲಾಸಿನಲ್ಲಿ ತೊಂದರೆ ಇಲ್ಲ. ಮಕ್ಕಳು ಬಂದ ಕೂಡಲೇ ಹವಾಮಾನ ನಕ್ಷೆ ತುಂಬುತ್ತಾರೆ, ತಮ್ಮ ಕಾರ್ಡ್ ತಾವೇ ಹುಡುಕಿಕೊಂಡು ಗುಂಪಿನಲ್ಲಿ ಕೂರುತ್ತಾರೆ. ಬರೆದದ್ದನ್ನೆಲ್ಲ ಕಲಿಕಾ ಚಪ್ಪರಕ್ಕೆ, ಅಂದರೆ ಕ್ಲಾಸಿನಲ್ಲಿ ಮೇಲೆ ಕಟ್ಟಿದ ದಾರಗಳಿಗೆ, ನೇತು ಹಾಕುತ್ತೇವೆ. ಆದರೆ ನಾಲ್ಕು ಗಂಟೆಗೆ ಗೇಟು ದಾಟಿದ ಮೇಲೆ ಅದೆಲ್ಲ ಅಲ್ಲಿಗೇ ನಿಂತುಹೋಗುತ್ತದೆ.

ಜೂನ್‌ನಿಂದ ಎರಡು ಸಲ ಪೋಷಕರ ಸಭೆ ಕರೆದೆ. ಎರಡೂ ಸಲ ನಾಲ್ಕೇ ಜನ. ಅದರಲ್ಲಿ ಇಬ್ಬರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಅವರು ಹೇಗೂ ಬರಲೇಬೇಕು. ಆಮೇಲೆ ಒಂದು ಓದಿನ ಪುಸ್ತಕ ಮಾಡಿ ಮನೆಗೆ ಕಳಿಸಿದೆ. ಮಗು ಒಂದು ಪುಟ ಓದಬೇಕು, ಮನೆಯವರು ಸಹಿ ಹಾಕಬೇಕು. ಒಂದು ವಾರಕ್ಕೆ ಎಲ್ಲ ಸಹಿಯೂ ಒಂದೇ ಕೈಬರಹದಲ್ಲಿ ಬಂತು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲರಿಗೂ ಹಾಕಿಕೊಟ್ಟಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಹಿ ಮಾಡಲು ಬಾರದವರನ್ನು ಸಹಿ ಕೇಳಿದವಳು ನಾನು.

ಇಲ್ಲಿ ಹೆಚ್ಚಿನ ಮನೆಗಳಲ್ಲಿ ಮಾತು ತೆಲುಗು. ಕೆಲಸ ರೇಷ್ಮೆ. ಹುಳು ಮೇಯುವ ದಿನಗಳಲ್ಲಿ ಯಾರಿಗೂ ಬಿಡುವಿಲ್ಲ. ಒಬ್ಬ ತಂದೆಯನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರೆ, "ಮಾಕೇಂ ತೆಲುಸು ಮೇಡಂ, ನೀವೇ ನೋಡಿಕೊಳ್ಳಿ" ಅಂದರು. ನಮಗೇನು ಗೊತ್ತು ಅಂತ. ಆ ಮಾತು ಎರಡು ದಿನ ತಲೆಯಿಂದ ಹೋಗಲಿಲ್ಲ.

ಓದು ಬರದ, ಪುರುಸೊತ್ತಿಲ್ಲದ, ಕನ್ನಡ ಮಾತಾಡಲು ಹಿಂಜರಿಯುವ ಅಪ್ಪ-ಅಮ್ಮನಿಗೆ ಕ್ಲಾಸಿನಲ್ಲಿ ಎಲ್ಲಿ ಜಾಗ? "ಜಾಗೃತಿ ಮೂಡಿಸಿ" ಅನ್ನುವಂಥ ಉತ್ತರ ಬೇಡ. ಸೋಮವಾರ ಕ್ಲಾಸಿಗೆ ಹೋಗಿ ಮಾಡಬಹುದಾದದ್ದನ್ನು ಹೇಳಿ.

ಸಾಗರದ ಮೇಷ್ಟ್ರು

ಮೇಡಂ, ಸಭೆ ಅಂತ ಕರೆದರೆ ಜನ ಬರುವುದಿಲ್ಲ. ಸಭೆ ಅಂದರೆ ದೂರು ಅಂತ ಅವರಿಗೆ ಗೊತ್ತು. ಕೆಲಸಕ್ಕೆ ಕರೆಯಿರಿ, ಬರುತ್ತಾರೆ.

ನಮ್ಮಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಅಮ್ಮಂದಿರು ರಾತ್ರಿ ಹತ್ತರವರೆಗೂ ಸುಲಿಯುತ್ತಾರೆ. ಡಬ್ಬದ ಲೆಕ್ಕದಲ್ಲಿ ಕೂಲಿ. ನಾನು ಮೂರನೇ ಕ್ಲಾಸಿನವರಿಗೆ ಗುಣಾಕಾರದ ಮನೆಗೆಲಸ ಕೊಡುವುದನ್ನು ಆ ಎರಡು ತಿಂಗಳು ನಿಲ್ಲಿಸಿದೆ. ಬದಲಿಗೆ ಒಂದೇ ಪ್ರಶ್ನೆ: "ನಿನ್ನೆ ಮನೆಯಲ್ಲಿ ಎಷ್ಟು ಡಬ್ಬ ಸುಲಿದರು? ಎಷ್ಟು ದುಡ್ಡಾಯಿತು? ಅಮ್ಮ ಹೇಗೆ ಲೆಕ್ಕ ಮಾಡಿದರು, ಕೇಳಿಕೊಂಡು ಬಾ."

"ಹೇಗೆ ಲೆಕ್ಕ ಮಾಡಿದರು" ಅನ್ನುವುದೇ ಮುಖ್ಯ. ಒಬ್ಬ ತಾಯಿ ಏಳು ಡಬ್ಬಕ್ಕೆ ಮೊದಲು ಐದರ ದುಡ್ಡು ಲೆಕ್ಕ ಹಾಕಿ ಆಮೇಲೆ ಎರಡರದ್ದು ಸೇರಿಸುತ್ತಿದ್ದರು. ಮಗ ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ. ಅದು ಪುಸ್ತಕದಲ್ಲಿ ನಾವು ಹೇಳಿಕೊಡುವ ವಿಧಾನವೇ ಅಲ್ವಾ? ಮರುದಿನ ಆ ತಾಯಿ ತಾವಾಗಿ ಶಾಲೆಗೆ ಬಂದರು. ನನ್ನ ಲೆಕ್ಕ ಬೋರ್ಡಿನ ಮೇಲೆ ಬರೆದಿದ್ದಾರಂತೆ, ನೋಡಬೇಕು ಅಂತ.

ಇನ್ನೊಂದು. ದಿನಾಂಕ ನೀವು ಗೊತ್ತು ಮಾಡಬೇಡಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಚರ್ಮ ಬಿಡುವಾಗ, ಸೊಪ್ಪು ಹಾಕುವುದಿಲ್ಲ ಅಂತ ಕೇಳಿದ್ದೇನೆ. ಆ ಒಂದು ದಿನ ಅವರಿಗೆ ಸ್ವಲ್ಪ ಬಿಡುವು ಇರಬಹುದು. ಮಕ್ಕಳನ್ನೇ ಕೇಳಿ.

ದೊಡ್ಡಬಳ್ಳಾಪುರದ ಅಮ್ಮ

ಟೀಚರ್, ನಾನು ಏಳನೇ ಕ್ಲಾಸಿಗೇ ಬಿಟ್ಟವಳು. ಹಗಲು ಮಗ್ಗದ ಕೆಲಸ, ಸಂಜೆ ಹೂ ಕಟ್ಟುತ್ತೇನೆ. ಮಗ ಮೂರನೇ ಕ್ಲಾಸು. ತಪ್ಪಿದ್ದರೆ ಕ್ಷಮಿಸಿ.

ಮೊದಲಿದ್ದ ಶಾಲೆಯಲ್ಲಿ ಒಂದು ಸಲ ಕರೆಸಿದರು. ಎಲ್ಲರ ಎದುರು ಅವನ ಪುಸ್ತಕ ತೆಗೆದು, "ಮನೆಯಲ್ಲಿ ಸ್ವಲ್ಪ ನೋಡಬಾರದಾ" ಅಂದರು. ನಾನು ತಲೆ ಬಗ್ಗಿಸಿ ನಿಂತಿದ್ದೆ. ಆಮೇಲೆ ಒಂದು ವರ್ಷ ಆ ಗೇಟಿನ ಒಳಗೆ ಕಾಲಿಡಲಿಲ್ಲ. ನಮಗೆ ಮಗುವಿನ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ನಾಚಿಕೆ ಆಗುತ್ತದೆ.

ಈಗಿನ ಟೀಚರ್ ಬೇರೆ ಥರ. ಹೂ ಅಳೆದು ತೋರಿಸಲು ಬನ್ನಿ ಅಂದರು. ಕನಕಾಂಬರದ ಮಾಲೆ ತೆಗೆದುಕೊಂಡು ಹೋದೆ. ನನ್ನ ಮೊಳದಲ್ಲಿ ಆರು ಮೊಳ. ಒಂದು ಹುಡುಗಿ ಅಳೆದರೆ ಒಂಬತ್ತು ಮೊಳ ಚಿಲ್ಲರೆ. ಮಕ್ಕಳು ಗಲಾಟೆ ಮಾಡಿದರು, ಯಾರದು ಸರಿ ಅಂತ. ಟೀಚರ್ ಉತ್ತರ ಹೇಳಲಿಲ್ಲ. ನನ್ನನ್ನೇ ಕೇಳಿದರು. ನಾನು ಹೇಳಿದೆ, ಕೈ ಚಿಕ್ಕದಾದರೆ ಮೊಳ ಚಿಕ್ಕದು, ಅದಕ್ಕೇ ಗಿರಾಕಿಗಳು ನನ್ನ ಮಗಳು ಅಳೆದರೆ ಒಪ್ಪುವುದಿಲ್ಲ. ಆಮೇಲೆ ಟೀಚರ್ ಮೀಟರ್ ಪಟ್ಟಿ ತೆಗೆದರು. ಅದು ಯಾಕೆ ಬೇಕು ಅಂತ ಮಕ್ಕಳಿಗೆ ಆಗಲೇ ಗೊತ್ತಾಗಿತ್ತು.

ಫೋನಿನ ವಿಷಯ ಒಂದು ಹೇಳುತ್ತೇನೆ. ಗುಂಪಿಗೆ ಉದ್ದ ಉದ್ದ ಬರೆದು ಹಾಕಬೇಡಿ. ನಮ್ಮ ಮನೆಯಲ್ಲಿ ಒಂದೇ ಫೋನು, ಅವರು ಬರುವುದು ರಾತ್ರಿ ಎಂಟಕ್ಕೆ. ಮಾತಾಡಿ ರೆಕಾರ್ಡ್ ಮಾಡಿ ಕಳಿಸಿ. ಅರ್ಧ ನಿಮಿಷ ಸಾಕು. ಮಗು ಓದಿದ್ದನ್ನೇ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ನಾನು ನನ್ನ ಮಗ ಓದಿದ್ದನ್ನು ರೊಟ್ಟಿ ಮಾಡುತ್ತಾ ಮೂರು ಸಲ ಕೇಳಿದ್ದೇನೆ.

ನಿವೃತ್ತ ಮುಖ್ಯಶಿಕ್ಷಕ, ಮೈಸೂರು

ತಾಯಿ, ನಿಮ್ಮ ಪ್ರಶ್ನೆ ಓದಿ ಹಳೆಯದೆಲ್ಲ ನೆನಪಾಯಿತು. ನಲಿ-ಕಲಿ 1995ರಲ್ಲಿ ನಮ್ಮ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಯಿತು. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ಹಳ್ಳಿ ಮಕ್ಕಳಿಗೆ ಕಾರ್ಡ್ ಇಟ್ಟುಕೊಂಡು ಕಲಿಸುವುದನ್ನು ನಮ್ಮ ಶಿಕ್ಷಕರು ನೋಡಿ ಬಂದರು. ಕಾರ್ಡುಗಳನ್ನು ಬರೆದವರೂ ಶಿಕ್ಷಕರೇ. ಹಳ್ಳಿಯ ಹಾಡು, ಕತೆ, ಒಗಟು ಎಲ್ಲ ಅದರೊಳಗೆ ಬಂದದ್ದು ಹಾಗೆ. ಈಗ ಕಾರ್ಡು ಅಚ್ಚಾಗಿ ಬರುತ್ತದೆ. ಆದರೆ ನಿಮ್ಮ ಊರಿಗೆ ಬೇಕಾದ ನಾಲ್ಕು ಕಾರ್ಡು ನೀವೇ ಬರೆದು ಸೇರಿಸಿದರೆ ಯಾರೂ ಬೇಡ ಅನ್ನುವುದಿಲ್ಲ.

ತೆಲುಗು ಅಡ್ಡಿ ಅಂದುಕೊಂಡಿದ್ದೀರಿ. ಅದೇ ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ. ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯಲ್ಲಿ ಅಜ್ಜಿಯನ್ನು ಕೇಳಿ "ಪ" ಅಕ್ಷರದಿಂದ ಶುರುವಾಗುವ ಮಾತುಗಳನ್ನು ತರಲಿ. ಪಾಲು ತರುತ್ತಾರೆ, ಕನ್ನಡದಲ್ಲಿ ಹಾಲು. ಪುವ್ವು, ಹೂವು. ಪುಲಿ, ಹುಲಿ. ಪಾಮು, ಹಾವು. ಪಂಡು, ಹಣ್ಣು. ಪಂದಿ, ಹಂದಿ. ಪಗಲು, ಹಗಲು. ನೀವು ಏನೂ ಹೇಳಬೇಡಿ, ಪಟ್ಟಿ ಮಾತ್ರ ನೇತು ಹಾಕಿ. ಹತ್ತು ಜೋಡಿ ಆಗುವಷ್ಟರಲ್ಲಿ ಯಾವುದೋ ಒಂದು ಮಗು "ಪ ಹೋಗಿ ಹ ಬರುತ್ತೆ" ಅಂತ ಕೂಗುತ್ತದೆ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪಾವು ಅಂತಲೇ ಅನ್ನುತ್ತಿದ್ದೆವು. ಅಜ್ಜಿಯ ಮಾತು ಪಾಠಕ್ಕೆ ಹತ್ತಿರದ್ದು ಅಂತ ಮಗುವಿಗೆ ಒಮ್ಮೆ ಗೊತ್ತಾಗಲಿ.

ಎರಡು ಎಚ್ಚರಿಕೆ. ದುಡ್ಡು ಕೊಟ್ಟು ತರಬೇಕಾದ ಯಾವುದನ್ನೂ ತರಿಸಬೇಡಿ, ಬಣ್ಣದ ಹಾಳೆ ಕೂಡ. ಮತ್ತೆ "ಅಪ್ಪನನ್ನು ಕೇಳು" ಅನ್ನಬೇಡಿ, "ಮನೆಯ ದೊಡ್ಡವರನ್ನು ಕೇಳು" ಅನ್ನಿ. ಅಪ್ಪ ಇಲ್ಲದ ಮಗು ನಿಮ್ಮ ಕ್ಲಾಸಿನಲ್ಲೂ ಇರುತ್ತದೆ.

ಹಾವೇರಿ ಟೀಚರ್ (ಆರು ವಾರ ಆದ ಮೇಲೆ)

ಮೂವರಿಗೂ ಕೈ ಮುಗಿಯುತ್ತೇನೆ. ನಡೆದದ್ದನ್ನು ಹೇಳಲೇಬೇಕು.

ಎರಡನೇ ಕ್ಲಾಸಿನ ಒಬ್ಬಳ ಅಮ್ಮನನ್ನು ಕೇಳಿದೆ, ಮಕ್ಕಳನ್ನು ಕರೆದುಕೊಂಡು ನಿಮ್ಮ ಹುಳು ಮನೆ ನೋಡಲು ಬರಬಹುದಾ ಅಂತ. ಬೇಡ ಅಂದುಬಿಟ್ಟರು. ಹೊರಗಿನವರು ಒಳಗೆ ಬಂದರೆ ಹುಳುವಿಗೆ ರೋಗ ತಗಲುತ್ತದೆ, ಅಷ್ಟು ಮಕ್ಕಳನ್ನು ಹೇಗೆ ಬಿಡಲಿ ಅಂತ. ನನಗೆ ಅದು ಹೊಳೆದೇ ಇರಲಿಲ್ಲ. ಆದರೆ ಮೂರನೇ ದಿನ ಅವರೇ ಒಂದು ಮೊರದಲ್ಲಿ 20 ಹುಳು ಹಾಕಿಕೊಂಡು ಶಾಲೆಗೆ ಬಂದರು. ನಾಲ್ಕನೇ ಜ್ವರಕ್ಕೆ ಕೂತ ಹುಳು. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು.

ಒಂದನೇ ಕ್ಲಾಸಿನ ಹುಡುಗ ಅಳುಮುಖ ಮಾಡಿ, ಜ್ವರ ಬಂದರೆ ಸತ್ತುಹೋಗುತ್ತವಾ ಅಂತ ಕೇಳಿದ. ಅವರು ತೆಲುಗಿನಲ್ಲಿ ಹೇಳುತ್ತಾ ಹೋದರು, ಮೂರನೇ ಕ್ಲಾಸಿನವರು ನನಗೆ ಕನ್ನಡದಲ್ಲಿ ಹೇಳಿದರು. ಇದು ಕಾಯಿಲೆ ಅಲ್ಲ, ಚರ್ಮ ಚಿಕ್ಕದಾಯಿತು, ಹೊಸದು ಹಾಕಿಕೊಳ್ಳುತ್ತವೆ. ನಾಲ್ಕು ಸಲ ಹೀಗೆ ಆಗುತ್ತದೆ. ಆಮೇಲೆ ಗೂಡು.

"ನಮ್ಮ ಮನೇಲಿ ನೂರು ಮೊಟ್ಟೆ ಹುಳು" ಅಂತ ಒಬ್ಬ ಹೇಳಿದ. ನಾನು ನೂರು ಹುಳು ಅಂತ ಬೋರ್ಡಿನ ಮೇಲೆ ಬರೆದೆ. ಇಡೀ ಕ್ಲಾಸು "ಅಲ್ಲ ಮಿಸ್" ಅಂತ ಎದ್ದು ನಿಂತಿತು. ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಮೊಟ್ಟೆ ಅಂತ ಲೆಕ್ಕವಂತೆ. ಒಂದರಲ್ಲಿ ನಾನೂರು, ಐನೂರು ಹುಳು. ಹಾಗಾದರೆ ನೂರು ಮೊಟ್ಟೆಗೆ ಎಷ್ಟು? ಅಷ್ಟು ದೊಡ್ಡ ಸಂಖ್ಯೆ ನಲಿ-ಕಲಿಯ ಯಾವ ಮೆಟ್ಟಿಲಲ್ಲೂ ಇಲ್ಲ. ಸೊನ್ನೆ ಸೇರಿಸುತ್ತಾ ಹೋಗಿ ನಲವತ್ತು ಸಾವಿರಕ್ಕೆ ಬಂದರು.

ಮೊರ ಕ್ಲಾಸಿನ ಮೂಲೆಯಲ್ಲೇ ಉಳಿಯಿತು. ಮಕ್ಕಳು ದಿನಾ ಮನೆಯಿಂದ ಸೊಪ್ಪು ತಂದರು, ಸಂಜೆ ಮತ್ತು ರಜೆ ದಿನ ಶಾಲೆಯ ಪಕ್ಕದ ಮನೆಯವಳು ಬಂದು ಹಾಕುತ್ತಿದ್ದಳು. ಮೊದಲ ದಿನ ಒಂದು ಎಲೆ ಇಷ್ಟು ಹೊತ್ತಿಗೆ ಖಾಲಿ, ಐದನೇ ದಿನ ಎಷ್ಟು ಹೊತ್ತಿಗೆ ಖಾಲಿ ಅಂತ ಬರೆದಿಟ್ಟರು. ಮಧ್ಯೆ ಎರಡು ಹುಳು ಸತ್ತವು, ಒಂದು ಎಲ್ಲಿಗೋ ಹೋಯಿತು. 17 ಗೂಡು ಆಯಿತು. ಕಳೆಯುವ ಲೆಕ್ಕವನ್ನು ಇಷ್ಟು ಬೇಸರದಿಂದ ಮಕ್ಕಳು ಬರೆದದ್ದನ್ನು ನಾನು ನೋಡಿಲ್ಲ.

ಆ ಏಳೆಂಟು ದಿನದಲ್ಲಿ ಹನ್ನೊಂದು ಮನೆಯವರು ಬಾಗಿಲವರೆಗೆ ಬಂದರು. ಸೊಪ್ಪು ಒದ್ದೆ ಇದೆ ಒರೆಸಿ ಹಾಕಿ, ಅಲ್ಲಿ ಇರುವೆ ಬರುತ್ತದೆ ಈ ಕಡೆ ಇಡಿ ಅಂತ ಹೇಳಿ ಹೋದರು. ಬಂದವರಿಗೆ ಅವರ ಮಗುವಿನ ಕೈಲಿ ಗೋಡೆಯ ಮೇಲಿನ ಬರಹ ಓದಿಸಿದೆ. ಉಳಿದ ಎಂಟು ಮನೆಯಲ್ಲಿ ಹೆಚ್ಚಿನವರು ಬೆಳಗ್ಗೆ ಆರಕ್ಕೇ ನೂಲು ತೆಗೆಯುವ ಘಟಕಗಳಿಗೆ ಹೋಗುವವರು. ಅವರಿಗೆ ದೊಡ್ಡಬಳ್ಳಾಪುರದ ಅಕ್ಕ ಹೇಳಿದಂತೆ ಅರ್ಧ ನಿಮಿಷದ ರೆಕಾರ್ಡ್ ಕಳಿಸುತ್ತಿದ್ದೇನೆ. ಐದು ಮನೆಯಿಂದ ವಾಪಸ್ ಮಾತು ಬಂದಿದೆ. ಮೂರು ಮನೆ ಇನ್ನೂ ಇಲ್ಲ. ಒಂದು ಭಾನುವಾರ ನಾನೇ ಹೋಗಿ ಬರುತ್ತೇನೆ.

ಸರ್, ನಿಮ್ಮ "ಪ-ಹ" ಪಟ್ಟಿ ಚಪ್ಪರದಲ್ಲಿ ತೂಗುತ್ತಿದೆ. ಪುರುಗು, ಹುಳು ನಾವೇ ಸೇರಿಸಿದೆವು. ನಿನ್ನೆ ಒಬ್ಬಳು ಪಿಲ್ಲಿ ತಂದಳು, ಬೆಕ್ಕು. ಅವಳ ಅಜ್ಜಿ ಹೇಳಿಕೊಟ್ಟದ್ದು. ಹಿಲ್ಲಿ ಅಂತ ಕನ್ನಡದಲ್ಲಿ ಇಲ್ಲವಲ್ಲ, ಪಟ್ಟಿಗೆ ಸೇರುವುದಿಲ್ಲ. ಅವಳ ಮುಖ ಸಣ್ಣಗಾಗಿದೆ. ಏನು ಮಾಡಲಿ?

ನಿವೃತ್ತ ಮುಖ್ಯಶಿಕ್ಷಕ, ಮೈಸೂರು

ಪಕ್ಕದಲ್ಲಿ ಇನ್ನೊಂದು ದಾರ ಕಟ್ಟಿ, ತಾಯಿ. ಪಿಲ್ಲಿ ಅದರ ಮೊದಲನೇ ಕಾರ್ಡು. ಅವಳ ಕೈಯಿಂದಲೇ ಬರೆಸಿ, ಬೆಕ್ಕಿನ ಚಿತ್ರವನ್ನೂ ಹಾಕಲಿ.